ಮೇಲಿನ ಎಡಮೂಲೆಯ ಹಕ್ಕಿ

ಕ್ಯಾಮೆರಾ ಕೊಂಡದ್ದು ಹಡಗಿನ ಅಡುಗೆಯವನಿಂದ,
ವಾಲ್ವಿಸ್ ಬೇ ಬಂದರಿನ ಗೇಟಿನ ಹೊರಗೆ,
ಅರ್ಧ ತಿಂಗಳ ಸಂಬಳಕ್ಕೆ.
ಲೆನ್ಸಿನ ರಬ್ಬರಿಗೆ ಈರುಳ್ಳಿ ವಾಸನೆ.
ಇವತ್ತಿಗೂ ಇದೆ.

ಉಪ್ಪಿನ ಕಾರ್ಖಾನೆಯ ರಾತ್ರಿಪಾಳಿ ಮುಗಿಸಿ
ಮಂಜು ಇನ್ನೂ ಹರಿಯದ ಹೊತ್ತಿಗೆ
ರಾಜಹಂಸಗಳ ಕಡೆ ನಡೆಯುತ್ತಿದ್ದೆ.
ಮೊದಲ ತಿಂಗಳೆಲ್ಲ ನಿಂತೇ ತೆಗೆದೆ:
ಬೆನ್ನು, ಬೆನ್ನು, ಹಾರಿಹೋದ ಕಾಲು,
ನೀರಿಗೆ ಬಿದ್ದ ಗುಲಾಬಿ ಬಟ್ಟೆಯಂಥ ಏನೋ ಒಂದು.

ಒಂದು ಹಕ್ಕಿ ಮಾತ್ರ ಅಲುಗಲಿಲ್ಲ.
ಪ್ರತಿ ಚಿತ್ರದ ಮೇಲಿನ ಎಡಮೂಲೆಯಲ್ಲಿ,
ದೂರ, ಬೂದು, ಸಾಸಿವೆಯಷ್ಟು.
ಸೋಮವಾರ ಹೆಜ್ಜಾರ್ಲೆಗಳ ನೆತ್ತಿಗೆ,
ಗುರುವಾರ ಮರಳುದಿಬ್ಬದ ಮೇಲೆ,
ಭಾನುವಾರ ತಂಗಿಯ ಮಗುವಿಗೆ ನೀರೆರೆಯುವಾಗ
ಪಾದ್ರಿಯ ಬಿಳಿ ಅಂಗಿಯ ಭುಜದಲ್ಲೂ.
ಗಿಡುಗ ಅಂದುಕೊಂಡೆ. ನನ್ನ ಬೆನ್ನು ಹತ್ತಿದೆ ಎಂದು
ಒಳಗೊಳಗೇ ಹಿಗ್ಗಿದ್ದೂ ಉಂಟು.

ಗಡಿಯಾರ ರಿಪೇರಿಯ ಔಮಾ ಲಿಸ್‌ಬೆತ್
ಭೂತಗನ್ನಡಿ ಹಣೆಗೇರಿಸಿ ನೋಡಿದಳು.
ನಗಲಿಲ್ಲ, ಅದೇ ದೊಡ್ಡದು.
‘ಆ ಬಿಳಿ ಗೋಡೆ ತೆಗೆ. ಕಿಂಡಿ ಇಪ್ಪತ್ತೆರಡಕ್ಕೆ ಕಿರಿದು ಮಾಡು.’
ತೆಗೆದೆ. ಖಾಲಿ ಗೋಡೆಯ ಮೇಲೆ
ಹದಿನೇಳು ಹಕ್ಕಿ.

‘ಮೂಡಗಾಳಿಯಲ್ಲಿ ಲೆನ್ಸ್ ಬಿಚ್ಚಿದೆಯಾ, ಹೆಸೆಕಿಯೆಲ್?’
ಬಿಚ್ಚಿದ್ದೆ. ದಿಬ್ಬದ ನೆತ್ತಿಯಲ್ಲಿ,
ಮದುವೆಗೆ ಬಂದವನ ಹಾಗೆ ಬಾಯಿ ತೆರೆದು ನಿಂತು.
‘ಹಾಗಿದ್ದರೆ ನಮೀಬ್ ಒಳಗೆ ಬಂದು ಕೂತಿದೆ.
ಇಡೀ ಮರುಭೂಮಿಯಲ್ಲ ಬಿಡು,
ಬಾಡಿಗೆಗೆ ಒಂದೆರಡು ಕಾಳು.’

ನಲವತ್ತು ವರ್ಷ ಧೂಳಿನ ಜೊತೆ ಬಾಳಿದವಳ ಬೆರಳು.
ಬಾಯಲ್ಲಿ ಊದಬೇಡ, ಎಂಜಲು ಕೂರುತ್ತದೆ.
ಮೂತಿ ನೆಲಕ್ಕೆ ಮಾಡಿ ಹಿಡಿ,
ರಬ್ಬರ್ ಬುರುಡೆ ಒತ್ತು, ಬೀಳುವುದು ತಾನಾಗಿ ಬೀಳಲಿ.
ಒಳಗಿನ ಲೋಕ ತಲೆಕೆಳಗು:
ಚಿತ್ರದಲ್ಲಿ ಮೇಲಿದ್ದವನು ಇಲ್ಲಿ ಪಾದದ ಹತ್ತಿರ.

ಹದಿನಾರು ಹೋದವು. ನನ್ನ ಗಿಡುಗ ಹೋಗಲಿಲ್ಲ.
ಅದಕ್ಕೆ ಹಸಿ ಪಟ್ಟಿ, ಎಡದಿಂದ ಬಲಕ್ಕೆ ಒಂದೇ ಎಳೆತ,
ಹೋದ ದಾರಿಗೆ ಮತ್ತೆ ತಿರುಗುವ ಹಾಗಿಲ್ಲ.
ಬೆಳಕಿಗೆ ಹಿಡಿದು ನೋಡಿದಳು:
‘ಇದು ಮರಳಲ್ಲ ಮಗಾ, ಉಪ್ಪು.
ನಿನ್ನ ತೋಳಿನದೇ.’
ಕಾಸು ಕೇಳಲಿಲ್ಲ. ಒಂದು ಚೀಲ ಮೀನು ಕೊಟ್ಟೆ,
ತಲೆಗಳನ್ನು ವಾಪಸ್ ಕಳಿಸಿದಳು.

ಆ ವಾರ ಎರಡು ಪಾಳಿ. ಕೆಸರಿನಂಚಿಗೆ ಬಂದವನು
ಕಾಲು ಸೋತು ಹೊಟ್ಟೆ ಮಗ್ಗುಲಾಗಿ ಮಲಗಿಬಿಟ್ಟೆ.
ಕಲೆಗಲ್ಲ, ನಿದ್ದೆಗೆ.
ಎಚ್ಚರಾದಾಗ ಮೊಳದೂರದಲ್ಲಿ ಪುಟ್ಟ ಗೊರವಗಳು,
ಅಲೆ ಬಂದರೆ ಓಡಿ, ಅಲೆ ಹೋದರೆ ಓಡಿ,
ನನ್ನನ್ನು ದಡಕ್ಕೆ ಬಿದ್ದ ಸೀಲ್ ಎಂದು ಒಪ್ಪಿಕೊಂಡು.
ಅವುಗಳ ಕಣ್ಣಿನ ಮಟ್ಟಕ್ಕೆ ನನ್ನ ಕಣ್ಣು.
ಸೂರ್ಯ ಬೆನ್ನಿಗೆ. ಸೆಕೆಂಡಿನ ಎರಡು ಸಾವಿರದಲ್ಲೊಂದು ಪಾಲು.
ಕಣ್ಣಿಗೆ ಗುರಿ, ಕಣ್ಣಿಗೆ ಮಾತ್ರ,
ಅದು ನೋಡುವ ಕಡೆ ಒಂದಿಷ್ಟು ಬಯಲು ಬಿಟ್ಟೆ.

ಮನೆಗೆ ಬಂದು ನೋಡುತ್ತೇನೆ:
ಹಕ್ಕಿಯ ಕರಿಗಣ್ಣಲ್ಲಿ ಬೆಳಕಿನ ಮುಳ್ಳು ಇದೆ,
ಕಾಲಡಿ ನೀರು ಸೀಳಿದ್ದು ಕಾಣುತ್ತದೆ,
ಮತ್ತೆ,
ಮೇಲಿನ ಎಡಮೂಲೆಯಲ್ಲಿ
ಬೂದುಬಣ್ಣದ ಸಾಸಿವೆ.

ಹಾಳಾದದ್ದು, ಎಂದು ಅಂಗಿಯ ತುದಿಯಲ್ಲಿ ಪರದೆ ಒರೆಸಿದೆ.
ಹೋಗಲಿಲ್ಲ. ಅಳಿಸುವ ಗುಂಡಿಯ ಮೇಲೆ
ಹೆಬ್ಬೆರಳು ಇಟ್ಟೂ ಆಗಿತ್ತು.
ಹಿಂದಿನ ಚಿತ್ರದಲ್ಲಿ ಇರಲಿಲ್ಲ.
ಮುಂದಿನದರಲ್ಲಿ ಅಂಗುಲದಷ್ಟು ಬಲಕ್ಕೆ.

ದೊಡ್ಡದು ಮಾಡಿದೆ, ಇನ್ನೂ ದೊಡ್ಡದು,
ಕಾಳು ಚೌಕಚೌಕವಾಗಿ ಒಡೆಯುವ ತನಕ:
ಕರಿಟೋಪಿಯ ಒಂದು ರೀವ,
ಕೊಕ್ಕಿನಲ್ಲಿ ಅಡ್ಡಲಾಗಿ ಎಳೆಯಷ್ಟು ಮೀನು,
ಯಾರಿಗೋ ಕೊಡಲು ಅವಸರದಲ್ಲಿ.

ಬೆಳಗಾಗಲಿ ಎಂದು ಕಾದು
ಔಮಾನ ಅಂಗಡಿಗೆ ಒಯ್ದು ತೋರಿಸಿದೆ.
ಭೂತಗನ್ನಡಿ ಇಳಿಸಿಕೊಂಡು ಬಹಳ ಹೊತ್ತು ನೋಡಿ
‘ಇದನ್ನು ನಾನು ತೆಗೆಯಲಾರೆ’ ಅಂದಳು.